ತೊಟ್ಟಿಲಪ್ಪನ ನಿದ್ದೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ ಕಟ್ಟಿದವರು ಯಾರೋ ತಿಳಿಯದು, ಆದರೆ ಲಾರಿ ಓಡಿಸುವವರಂತೂ ಅಲ್ಲ. ಲಾರಿಯವರಾಗಿದ್ದರೆ, ಚಿಂತೆ ಇಲ್ಲದೆಯೂ ನಿದ್ದೆ ಬಾರದವನೊಬ್ಬ ಇರಬಹುದು ಎಂದು ಗಾದೆಯ ಬಾಲಕ್ಕೆ ಇನ್ನೊಂದು ಮಾತು ಕಟ್ಟುತ್ತಿದ್ದರು. ನಮ್ಮ ತೊಟ್ಟಿಲಪ್ಪನ ಸಂಗತಿ ಹಾಗಿತ್ತು. ಮೈಯಲ್ಲಿ ರೋಗವಿಲ್ಲ, ಹೆಂಡತಿ ಒಳ್ಳೆಯವಳು, ಹಲ್ಲುಗಳೆಲ್ಲ ಗಟ್ಟಿ. ಓಡುವ ಲಾರಿಯಲ್ಲಿ ಮಲಗಿಸಿದರೆ ಮೈಮೇಲೆ ಮೂಟೆ ಉರುಳಿದರೂ ಏಳುವವನಲ್ಲ. ಅದೇ ಲಾರಿಯನ್ನು ಮರದ ನೆರಳಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಈಗ ಮಲಗಪ್ಪ ಎಂದರೆ ಮಾತ್ರ ಕಣ್ಣು ಬಿಟ್ಟುಕೊಂಡು ಕ್ಯಾಬಿನ್ನಿನ ಚಾವಣಿಯ ಸ್ಕ್ರೂ ನೋಡುತ್ತ ಬಿದ್ದಿರುತ್ತಿದ್ದ.

ತೊಟ್ಟಿಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟದ್ದು ಲೈಸೆನ್ಸಿನಲ್ಲಿತ್ತು, ಅದನ್ನು ಪೊಲೀಸರು ಬಿಟ್ಟರೆ ಬೇರೆ ಯಾರೂ ಓದುತ್ತಿರಲಿಲ್ಲ. ಹೆದ್ದಾರಿ ಪಕ್ಕದಲ್ಲಿ ಲಾರಿಗಳು ತಂಗುವ ಒಂದು ಮೈದಾನವಿತ್ತು: ನಾಲ್ಕು ಮರ, ಒಂದು ನಲ್ಲಿ, ತಗಡಿನ ಮಾಡಿನ ಟೀ ಅಂಗಡಿ. ಅಲ್ಲಿನ ಡ್ರೈವರುಗಳು ಇವನ ಕಷ್ಟ ಕೇಳಿ, ಕೈಲಾದಷ್ಟು ನಕ್ಕು, ಆಮೇಲೆ ಈ ಹೆಸರಿಟ್ಟರು. ಬಾಗಿಲು ತುಂಬುವಂಥ ಆಳು, ಕುತ್ತಿಗೆ ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಅಂಥವನನ್ನು ತೂಗಿ ಮಲಗಿಸಬೇಕು ಎಂದರೆ ಯಾರಿಗೆ ನಗು ಬರುವುದಿಲ್ಲ?

ಇದು ಹುಟ್ಟಿದಾಗಿನಿಂದ ಇದ್ದ ಕಾಯಿಲೆಯಲ್ಲ. ಅವನು ಇಪ್ಪತ್ತು ವರ್ಷ ಹೆಂಡತಿಯ ಅಣ್ಣನ ಜೊತೆ ಜೋಡಿಯಾಗಿ ಲಾರಿ ಓಡಿಸಿದವನು. ಒಬ್ಬ ಸ್ಟೇರಿಂಗ್ ಹಿಡಿದರೆ ಇನ್ನೊಬ್ಬ ಸೀಟಿನ ಹಿಂದೆ ಪರದೆ ಎಳೆದುಕೊಂಡು ಹಲಗೆಯ ಮೇಲೆ ಮಲಗಬೇಕು. ಲಾರಿ ನಿಲ್ಲುವುದು ಡೀಸೆಲ್ಲಿಗೆ, ಟೀಗೆ, ಮತ್ತೆ ಹೇಳಲಾಗದ ಕೆಲಸಗಳಿಗೆ ಮಾತ್ರ. ಭಾವ ಒಳ್ಳೆಯ ಡ್ರೈವರ್, ಆದರೆ ಬಾಯಿಗೆ ಬ್ರೇಕ್ ಇಲ್ಲ. ಎದುರು ಬಂದವನಿಗೆ, ಹಿಂದೆ ಬಂದವನಿಗೆ, ರಸ್ತೆ ದಾಟುವ ಎಮ್ಮೆಗೆ, ಗುಂಡಿಗೆ, ಗುಂಡಿ ಮುಚ್ಚದವನಿಗೆ, ಒಬ್ಬರನ್ನೂ ಬಿಡದೆ ಬೈದುಕೊಂಡೇ ಓಡಿಸುತ್ತಿದ್ದ. ಅವನ ಬಾಯಿಯಲ್ಲಿ ಎಲ್ಲರೂ ಕತ್ತೆಗಳೇ, ಕೆಲವರು ಮಾತ್ರ ಕತ್ತೆಯ ಮಕ್ಕಳು.

ಆಮೇಲೆ ಭಾವನ ಒಂದು ಕಣ್ಣಿಗೆ ಮಂಜು ಕವಿಯಿತು. ಡಾಕ್ಟರು ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದರು. ಭಾವ ಆ ಡಾಕ್ಟರನ್ನೂ ಕತ್ತೆ ಎಂದು ಬೈದು, ತಂಗಿಯ ಮನೆಯ ಹೊರಕೋಣೆಗೆ ಗಂಟುಮೂಟೆ ತಂದಿಳಿಸಿದ. ಕಂಪನಿಯವರು ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಡಲಿಲ್ಲ. ಬದಲಿಗೆ ಸ್ಟೇರಿಂಗಿನ ಎದುರು ಅಂಗೈಯಗಲದ ಒಂದು ಕ್ಯಾಮೆರಾ ಪೆಟ್ಟಿಗೆ ಕೂರಿಸಿದರು. ಡ್ರೈವರಿನ ರೆಪ್ಪೆ ಸ್ವಲ್ಪ ಹೊತ್ತು ಮುಚ್ಚಿಕೊಂಡರೆ ಆ ಪೆಟ್ಟಿಗೆ ಕೀ ಎಂದು ಕಿರುಚಿ ಆಫೀಸಿಗೆ ಚಾಡಿ ಹೇಳುತ್ತದೆ. ಜೊತೆಗೆ ಹೊಸ ನಿಯಮವೊಂದು ಬಂತು. ಇಷ್ಟು ಹೊತ್ತು ಓಡಿಸಿದ ಮೇಲೆ ಇಷ್ಟು ಹೊತ್ತು ಲಾರಿ ನಿಲ್ಲಿಸಿ ವಿಶ್ರಾಂತಿ ತೆಗೆದುಕೊಳ್ಳಲೇಬೇಕು. ಒಳ್ಳೆಯ ನಿಯಮವೇ, ಅದನ್ನು ಯಾರೂ ಬೈಯುವಂತಿಲ್ಲ. ಭಾವ ಮಾತ್ರ ಬೈದ.

ನಿಯಮಕ್ಕೇನು, ಲಾರಿ ನಿಲ್ಲಿಸು ಎನ್ನಬಹುದು. ನಿದ್ದೆಗೆ ಬಾ ಎನ್ನುವವರು ಯಾರು? ತೊಟ್ಟಿಲಪ್ಪ ವಿಶ್ರಾಂತಿಯ ಹೊತ್ತಿನಲ್ಲೆಲ್ಲ ಎದ್ದಿರುತ್ತಿದ್ದ, ಮತ್ತೆ ಸ್ಟೇರಿಂಗ್ ಹಿಡಿದು ಲಾರಿ ತೂಗತೊಡಗಿದ ಕೂಡಲೇ ಹಾಳು ನಿದ್ದೆ ಓಡೋಡಿ ಬರುತ್ತಿತ್ತು. ಪೆಟ್ಟಿಗೆ ಒಮ್ಮೆ ಕಿರುಚಿತು. ಇನ್ನೊಮ್ಮೆ ಕಿರುಚಿದಾಗ ಆಫೀಸಿನ ಮೇಡಂ ಕರೆಸಿಕೊಂಡರು.

"ನೋಡಿ, ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ. ಇನ್ನೊಂದ್ಸಲ ಕೂಗಿದ್ರೆ ಗಾಡಿಯಿಂದ ಇಳಿಸಿ ಗೇಟಿಗೆ ಹಾಕ್ತೀನಿ. ನೀವು ಯಾರಿಗಾದ್ರೂ ಗುದ್ದಿ ಸಾಯೋದಕ್ಕಿಂತ ಅದು ವಾಸಿ," ಎಂದರು.

ಮೇಡಂ ಹೇಳಿದ್ದರಲ್ಲಿ ತಪ್ಪು ಹುಡುಕುವಂತಿರಲಿಲ್ಲ, ಅದೇ ತೊಟ್ಟಿಲಪ್ಪನಿಗೆ ಇನ್ನೂ ಸಂಕಟ. ಗೇಟು ಎಂದರೆ ಕಂಪನಿಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಬೇರೆಯವರ ಲಾರಿ ಬಂದಾಗ ಅಡ್ಡಕಂಬ ಎತ್ತುವುದು, ಹೋದಾಗ ಇಳಿಸುವುದು. ಊರೂರು ತಿರುಗಿದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವನು ಆ ಸ್ಟೂಲನ್ನು ಕನಸಿನಲ್ಲಿ ಕಾಣುತ್ತಿದ್ದ ಎಂದು ಹೇಳಬಹುದಿತ್ತು, ಆದರೆ ಕನಸು ಬೀಳಬೇಕಾದರೂ ನಿದ್ದೆ ಬೇಕಲ್ಲ.

ಮೈದಾನದವರು ನಕ್ಕರೂ ಕೈಬಿಡಲಿಲ್ಲ. ಮೊದಲು ಲಾರಿಯ ಅಡಿಯಲ್ಲಿ ಹಗ್ಗದ ಜೋಲಿ ಕಟ್ಟಿ ಮಲಗಿಸಿದರು. ಹಗ್ಗ ತಡೆಯಲಿಲ್ಲ, ಅವನ ಸೊಂಟ ತಡೆದುಕೊಂಡಿತು. ಆಮೇಲೆ ಕೆಲವರು ಸೇರಿ ಲಾರಿಯ ಎರಡೂ ಬದಿ ನಿಂತು ಅದನ್ನೇ ತೂಗಿ ನೋಡಿದರು. ಲಾರಿ ಸ್ವಲ್ಪ ಅಲುಗಿತು, ತೂಗಿದವರೆಲ್ಲ ದಣಿದು ಮರದಡಿ ಹೋಗಿ ಸೊಗಸಾಗಿ ನಿದ್ದೆ ಮಾಡಿದರು. ಟೀ ಅಂಗಡಿಯ ಅಕ್ಕ ಬಿಸಿ ಹಾಲು ಕೊಟ್ಟಳು. ಅದರಿಂದ ಅವನು ವಿಶ್ರಾಂತಿಯ ಹೊತ್ತಿನಲ್ಲಿ ಎರಡು ಸಲ ಜಾಸ್ತಿ ಕೆಳಗಿಳಿದದ್ದೇ ಬಂತು. ರಜೆಯ ದಿನ ಅವನು ಸಿಟಿ ಬಸ್ಸು ಹತ್ತಿ, ಕೊನೆಯ ನಿಲ್ದಾಣದವರೆಗೆ ಮಲಗಿ ಹೋಗಿ, ಅದೇ ಬಸ್ಸಿನಲ್ಲಿ ಮಲಗಿ ವಾಪಸು ಬರುತ್ತಿದ್ದ. ಬಸ್ಸಿನಲ್ಲಿ ಬರುವ ನಿದ್ದೆ ನಿಂತ ಲಾರಿಯಲ್ಲಿ ಬರುವುದಿಲ್ಲ ಎಂದ ಮೇಲೆ ಸಂಶಯವೇ ಉಳಿಯಲಿಲ್ಲ. ಇದು ತೂಗಾಟದ ರೋಗ ಎಂದು ಎಲ್ಲರೂ ತೀರ್ಪು ಕೊಟ್ಟರು.

ಮನೆಯಲ್ಲೂ ಅದೇ ಪಾಡು. ಅವನು ಮನೆಗೆ ಬಂದ ದಿನ ಹೆಂಡತಿ ಇಡೀ ಮನೆಯ ಬಾಯಿ ಹೊಲಿದುಬಿಡುತ್ತಿದ್ದಳು. ಪಾತ್ರೆ ಸದ್ದಾಗಬಾರದು, ಬಾಗಿಲು ಕಿರ್ ಎನ್ನಬಾರದು, ಗೋಡೆ ಗಡಿಯಾರದ ಸೆಲ್ ಕೂಡ ತೆಗೆದಿಡುತ್ತಿದ್ದಳು. ಅವಳೂ ಅಣ್ಣನ ತಂಗಿಯೇ, ಬಾಯಿ ತೆರೆದರೆ ಓಣಿಯ ಆ ತುದಿಗೂ ಕೇಳಬೇಕು. ಗಂಡ ಮಲಗಿದ್ದಾನೆ ಎಂದು ಸನ್ನೆಯಲ್ಲೇ ಸಂಸಾರ ನಡೆಸುತ್ತಿದ್ದಳು. ಆ ಮೌನದ ನಡುವೆ ತೊಟ್ಟಿಲಪ್ಪ ಗೋಡೆಗೆ ಮುಖ ಮಾಡಿ, ಪಾಪ ಅವಳಿಗೆ ಬೇಜಾರಾಗಬಾರದು ಎಂದು ಕಣ್ಣು ಮುಚ್ಚಿಕೊಂಡಿರುತ್ತಿದ್ದ.

ಹೀಗಿರುವಾಗ ಒಂದು ಮಧ್ಯಾಹ್ನ ಮೈದಾನದಲ್ಲಿ ಆ ಘಟನೆ ನಡೆಯಿತು. ಕಂಪನಿಯ ಲಾರಿಗಳೆಲ್ಲ ಒಂದೇ ಸಲ ಕೊಂಡದ್ದು, ಒಂದೇ ನೀಲಿ ಬಣ್ಣ. ಬೀಗಗಳು ಎಷ್ಟು ಸವೆದಿದ್ದವೆಂದರೆ ಯಾರ ಬೀಗದ ಕೈ ಹಾಕಿದರೂ ಯಾರ ಲಾರಿಯಾದರೂ ಶುರುವಾಗುತ್ತಿತ್ತು. ತೊಟ್ಟಿಲಪ್ಪನ ಲಾರಿಯಲ್ಲಿ ಅವತ್ತು ಹೊಸ ಕಮೋಡುಗಳಿದ್ದವು, ಹುಲ್ಲು ಸುತ್ತಿ, ಮೇಲೆ ಟಾರ್ಪಾಲು ಹೊದಿಸಿ ಕಟ್ಟಿದ್ದು. ಪಕ್ಕದಲ್ಲಿ ನಿಂತದ್ದು ಅದೇ ಕಂಪನಿಯ ಮೀಸೆಯ ಲಾರಿ, ಅದರ ತುಂಬ ಈರುಳ್ಳಿ. ಮೀಸೆ ಎಂದರೆ ಒಬ್ಬ ಡ್ರೈವರ್, ಮುಖಕ್ಕಿಂತ ಮೀಸೆ ಮೊದಲು ಕಾಣುತ್ತಿದ್ದುದರಿಂದ ಆ ಹೆಸರು. ಅವನು ಮರದಡಿ ಮಲಗಿದ್ದವನು ಅರೆನಿದ್ದೆಯಲ್ಲಿ ಎದ್ದು, ನಲ್ಲಿಯಲ್ಲಿ ಮುಖ ತೊಳೆದು, ಒದ್ದೆ ಕಣ್ಣಿನಲ್ಲೇ ನೀಲಿ ಲಾರಿ ಹತ್ತಿದ. ಹತ್ತಿದ್ದು ತೊಟ್ಟಿಲಪ್ಪನ ಲಾರಿ. ಪರದೆಯ ಹಿಂದೆ ತೊಟ್ಟಿಲಪ್ಪ ಎಂದಿನಂತೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಎಂಜಿನ್ ಗುರ್ ಎಂದದ್ದನ್ನೂ, ಮುಂದಿನ ಸೀಟಿನಲ್ಲಿ ಯಾರೋ ಬಿಸಿಲನ್ನು ಬೈದದ್ದನ್ನೂ, ಲಾರಿ ಅಲುಗಿದ್ದನ್ನೂ ಅವನು ಗಮನಿಸಿದ. ಇದೇನು ಎಂದು ಕೇಳಬೇಕು ಎಂದುಕೊಂಡ. ಅಷ್ಟರಲ್ಲಿ ನಿದ್ದೆ ಬಂದುಬಿಟ್ಟಿತು, ಕೇಳುವುದು ಉಳಿದುಹೋಯಿತು.

ಮುಂದಿನದು ಮೀಸೆ ಆಮೇಲೆ ಹೇಳಿದ್ದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಗೇರ್‌ಬಾಕ್ಸಿನಿಂದ ಒಂದು ಸದ್ದು ಶುರುವಾಯಿತಂತೆ, ಗರಗರ, ಆಮೇಲೆ ಒಂದು ಸೀಟಿ. ಗೇರ್ ಬದಲಿಸಿದರೂ ಹೋಗಲಿಲ್ಲ. ಮೆಕ್ಯಾನಿಕನನ್ನು ಬೈಯುತ್ತ ಹೋದ, ರಸ್ತೆ ಮಾಡಿದವನನ್ನು ಬೈಯುತ್ತ ಹೋದ. ಅವನ ಬಾಯಿಯೂ ಭಾವನ ಬಾಯಿಯ ಅಣ್ಣತಮ್ಮನೇ. ಮುಂದೆ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆರಿಸಿದ. ಆದರೂ ಗೇರ್‌ಬಾಕ್ಸ್ ಗರಗರ ಎನ್ನುತ್ತಲೇ ಇತ್ತು.

ಮೊದಲು ಅವನಿಗೆ ಅದು ಹೊಳೆಯಲಿಲ್ಲ. ರೈಲು ಬರಲಿಲ್ಲ, ಗೇಟು ತೆಗೆಯಲಿಲ್ಲ, ಅವನು ಗೇಟಿನವನಿಗೆ, ರೈಲಿಗೆ, ರೈಲು ಕಂಡುಹಿಡಿದವನಿಗೆ ಸಾವಕಾಶವಾಗಿ ಬೈಯುತ್ತ ಬಹಳ ಹೊತ್ತು ಕೂತಿದ್ದ. ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಬುದ್ಧಿ ಬಂತು. ಆರಿದ ಎಂಜಿನ್ನಿನಲ್ಲಿ ಗೇರ್‌ಬಾಕ್ಸ್ ಹೇಗೆ ಗರಗರ ಎನ್ನುತ್ತದೆ? ಬಾಯಿ ಮುಚ್ಚಿ, ಕಿವಿಗೊಟ್ಟು ಕೂತ. ಸದ್ದು ಒಂದೆರಡು ಸಲ ಎಳೆದು, ನಿಂತೇ ಹೋಯಿತು. ಪರದೆಯ ಹಿಂದಿನಿಂದ ಒಂದು ದಪ್ಪ ಧ್ವನಿ ಬಂತು.

"ಏನ್ ಭಾವ, ಯಾಕೆ ಸುಮ್ನಾದ್ರಿ?"

ಮೀಸೆ ಕಿರುಚಿದ್ದು ಗೇಟಿನ ಆಚೆ ನಿಂತಿದ್ದ ಸೈಕಲ್ಲಿನವನಿಗೂ ಕೇಳಿತು. ಬಾಗಿಲು ತೆಗೆದು ಹಾರಲು ಹೋಗಿ, ಸೀಟ್ ಬೆಲ್ಟು ಬಿಚ್ಚದೆ ಅಲ್ಲೇ ನೇತಾಡಿದ. ಪರದೆ ಸರಿಯಿತು, ತೊಟ್ಟಿಲಪ್ಪನ ಮುಖ ಹೊರಗೆ ಬಂತು.

"ಮೀಸೆ? ನೀನಾ? ನನ್ನ ಗಾಡೀಲಿ ಏನ್ ಮಾಡ್ತಿದೀಯ?"

"ನಿನ್ನ ಗಾಡಿ ಎಲ್ಲಿಂದ ಬಂತು, ಇದು ನನ್ನ ಗಾಡಿ! ನೀನು ನನ್ನ ಈರುಳ್ಳಿ ಜೊತೆ ಏನ್ ಮಾಡ್ತಿದೀಯ ಅದ್ ಹೇಳು!"

ಇಬ್ಬರೂ ಇಳಿದು ಟಾರ್ಪಾಲಿನ ಮೂಲೆ ಎತ್ತಿ ನೋಡಿದರು. ಒಳಗೆ ಸಾಲಾಗಿ ಕಮೋಡುಗಳು ಕೂತಿದ್ದವು. ಇನ್ನೊಂದು ಗಳಿಗೆ ಕಳೆದಿದ್ದರೆ ಮೀಸೆ ಅವನ್ನು ತರಕಾರಿ ಮಾರುಕಟ್ಟೆಯಲ್ಲಿ ಇಳಿಸಿ ರಸೀದಿಯನ್ನೂ ಕೇಳುತ್ತಿದ್ದ. ಅವನು ತಲೆ ಮೇಲೆ ಕೈ ಹೊತ್ತು ರಸ್ತೆಯಲ್ಲೇ ಕುಕ್ಕರಿಸಿದ. "ಯಾರಿಗೂ ಹೇಳ್ಬೇಡ ಮಾರಾಯ. ಕಾಲಿಗೆ ಬೀಳ್ತೀನಿ. ನಾಳೆಯಿಂದ ನನ್ನನ್ನ ಕಮೋಡು ಅಂತ ಕರೀತಾರೆ."

ತೊಟ್ಟಿಲಪ್ಪ ಆ ಮಾತನ್ನೇ ಕೇಳಿಸಿಕೊಳ್ಳಲಿಲ್ಲ. ಅವನ ಮುಖದಲ್ಲಿ ಬಹಳ ದಿನ ಕಾಣದ ಒಂದು ಕಳೆ ಇತ್ತು, ಮೈ ಹಗುರಾಗಿತ್ತು. "ಗಾಡಿ ಇಲ್ಲಿ ಎಷ್ಟು ಹೊತ್ತಿನಿಂದ ನಿಂತಿದೆ?" ಎಂದು ಕೇಳಿದ.

"ಬಹಳ ಹೊತ್ತಾಯ್ತು. ಆ ಗೇಟಿನವನು ಸತ್ತೋಗಿದಾನೋ ಏನೋ."

"ಎಂಜಿನ್ ಆಫಾಗಿತ್ತಾ?"

"ಆಗ್ಲೇ ಆಫು."

"ನಾನು ಗೊರಕೆ ಹೊಡೀತಿದ್ನಾ?"

"ಗೊರಕೇನಾ ಅದು? ಗೇರ್‌ಬಾಕ್ಸ್ ಬಿಚ್ಚಿಸ್ಬೇಕು ಅಂತಿದ್ದೆ ನಾನು!"

ತೊಟ್ಟಿಲಪ್ಪ ಲಾರಿಗೆ ಒರಗಿ ನಿಂತುಬಿಟ್ಟ. ಹಾಗಾದರೆ ತೂಗಾಟದ ರೋಗ ಅಲ್ಲ. ನಿಂತ ಲಾರಿಯಲ್ಲೇ ಅವನು ಮಲಗಿದ್ದ. ಎಚ್ಚರವಾದದ್ದು ಮೀಸೆ ಬೈಯುವುದನ್ನು ನಿಲ್ಲಿಸಿದಾಗ. ಇಪ್ಪತ್ತು ವರ್ಷ ಅವನು ಮಲಗಿದ್ದು ಹಲಗೆಯ ತೂಗಾಟಕ್ಕಲ್ಲ, ಭಾವನ ಬಾಯಿಗೆ. ಸಿಟಿ ಬಸ್ಸಿನಲ್ಲಿ ಮಲಗಿದ್ದು ಕಂಡಕ್ಟರನ ಬಾಯಿಗೆ. ಆ ಬಾಯಿ ನಡೆಯುತ್ತಿದೆ ಎಂದರೆ ಭಾವ ಎಚ್ಚರವಾಗಿದ್ದಾನೆ, ಎಲ್ಲ ಸರಿ ಇದೆ, ಇನ್ನು ತನ್ನ ಕಣ್ಣು ಬೇಕಾಗಿಲ್ಲ ಎಂದರ್ಥ. ಆ ಬಾಯಿ ನಿಂತರೆ ಭಾವನೂ ತೂಕಡಿಸುತ್ತಿದ್ದಾನೆ, ಏಳಬೇಕು ಎಂದರ್ಥ. ಈಗ ನಿಂತ ಲಾರಿಯ ಮೌನದಲ್ಲಿ ಯಾರು ಎದ್ದಿದ್ದಾರೆ ಎಂದು ಅವನ ಮೈ ಕಾಯುತ್ತಿತ್ತು. ಯಾರೂ ಇಲ್ಲದ್ದರಿಂದ ತಾನೇ ಎದ್ದಿರುತ್ತಿದ್ದ. ಇಷ್ಟು ಸಣ್ಣ ವಿಷಯ ಗೊತ್ತಾಗಲು ಕಮೋಡುಗಳ ಸಮೇತ ಅಪಹರಣವಾಗಬೇಕಾಯಿತಲ್ಲ ಎಂದು ಅವನಿಗೆ ನಗುವೂ ಬಂತು, ಅಳುವೂ ಬಂತು. ನಗುವೇ ಮೊದಲು ಬಂದದ್ದರಿಂದ ಮೀಸೆ ತನ್ನನ್ನೇ ನೋಡಿ ನಗುತ್ತಿದ್ದಾನೆ ಎಂದು ಸಿಟ್ಟಾದ.

ಮೈದಾನಕ್ಕೆ ವಾಪಸು ಬಂದು ಅವರವರ ಲಾರಿ ಅವರವರು ಹತ್ತಿದರು. ಟೀ ಅಕ್ಕ ಎಲ್ಲವನ್ನೂ ನೋಡಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ಮೀಸೆಗೆ ಮಾತು ಕೊಟ್ಟಳು, ಸಂಜೆಯೊಳಗೆ ಅವನ ಹೆಸರು ಕಮೋಡು ಎಂದಾಯಿತು. ಮೇಡಂ ಫೋನ್ ಮಾಡಿ, ಇವತ್ತು ಮಧ್ಯಾಹ್ನ ನಿಮ್ಮ ಕಣ್ಣು ಬಹಳ ಚೆನ್ನಾಗಿತ್ತು, ಪೆಟ್ಟಿಗೆಯಲ್ಲಿ ನೋಡಿದೆ, ಇಷ್ಟು ಅಗಲಕ್ಕೆ ತೆರೆದಿದ್ದಿರಿ, ಹೀಗೇ ಇರಲಿ ಎಂದು ಹೊಗಳಿದರು. ಆ ಪೆಟ್ಟಿಗೆಗೆ ಕಣ್ಣು ಮಾತ್ರ ಗೊತ್ತು, ಯಾರ ಕಣ್ಣು ಎಂಬುದು ಗೊತ್ತಿಲ್ಲ. ತೊಟ್ಟಿಲಪ್ಪ "ಆಗಲಿ ಮೇಡಂ" ಎಂದ.

ಮಾರನೆಯ ವಿಶ್ರಾಂತಿಯಲ್ಲಿ ಅವನು ಮನೆಗೆ ಫೋನ್ ಮಾಡಿ ಭಾವನಿಗೆ ವಿಷಯ ಹೇಳಿದ. ಭಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆಲಸ ಬಿಟ್ಟಾಗಿನಿಂದ ಬೈಯಲು ಯಾರೂ ಸಿಗದೆ ಅವನ ಬಾಯಿಗೆ ತುಕ್ಕು ಹಿಡಿದಿತ್ತು. ಕುರ್ಚಿ ಎಳೆದು ಕಿಟಕಿಯ ಪಕ್ಕ ಕೂತ, ಓಣಿಯಲ್ಲಿ ಹೋಗುವವರನ್ನೆಲ್ಲ ಹೆದ್ದಾರಿಯವರೆಂದು ತಿಳಿದು ಶುರು ಮಾಡಿದ. "ಏ ಕತ್ತೆ, ಸೈಡಿಗೆ ಹೋಗೋ! ನಿಮ್ಮಪ್ಪನ ರಸ್ತೇನಾ? ನೋಡಿದ್ಯಾ ಇವನನ್ನ, ಇಂಡಿಕೇಟರ್ ಹಾಕದೆ ತಿರುಗ್ತಾನೆ!" ಇಂಡಿಕೇಟರ್ ಹಾಕದೆ ತಿರುಗಿದ್ದು ಹಾಲಿನವನು. ಲಾರಿಯಲ್ಲಿ ತೊಟ್ಟಿಲಪ್ಪ ಫೋನನ್ನು ಎದೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. ನಿದ್ದೆ ಹೊಸ್ತಿಲವರೆಗೆ ಬಂತು. ಅಷ್ಟರಲ್ಲಿ ಫೋನಿನಲ್ಲಿ ಬೈಗುಳ ನಿಂತು ಗೊರಕೆ ಕೇಳಿಸಿತು. ಊಟವಾದ ಮೇಲೆ ಕುರ್ಚಿಯಲ್ಲಿ ಕೂತರೆ ಭಾವನಿಗೆ ನಿದ್ದೆ ತಡೆಯುತ್ತಿರಲಿಲ್ಲ. ನಿವೃತ್ತನ ಮೈ, ಯಾರೇನು ಮಾಡಿಯಾರು? ತೊಟ್ಟಿಲಪ್ಪ ಗಾಬರಿಯಿಂದ ಎದ್ದು ಕೂತ. ಹೀಗೇ ಮೂರು ನಾಲ್ಕು ದಿನ ನಡೆಯಿತು. ಭಾವ ಅಷ್ಟೂ ದಿನ ಸೊಗಸಾಗಿ ಮಲಗಿದ, ತೊಟ್ಟಿಲಪ್ಪನಿಗೆ ಆ ಸ್ಟೂಲೇ ಕಣ್ಣ ಮುಂದೆ.

ಐದನೆಯ ದಿನ ಹೆಂಡತಿ ಬಂದು ನೋಡಿದಳು. ಅಣ್ಣ ಬಾಯಿ ತೆರೆದು ಮಲಗಿದ್ದಾನೆ, ಮಡಿಲಲ್ಲಿ ಫೋನು, ಫೋನಿನೊಳಗಿಂದ ಗಂಡ "ಭಾವ, ಭಾವ, ಎದ್ದೇಳಿ, ಗೇಟಿಗೆ ಹಾಕ್ತಾರೆ" ಎಂದು ಗೋಗರೆಯುತ್ತಿದ್ದಾನೆ. ಅವಳ ಪಿತ್ತ ನೆತ್ತಿಗೇರಿತು.

"ಏನ್ರೀ ಇದು! ಮಲಗೋಕೆ ಗಾಡಿ ನಿಲ್ಲಿಸಿದೀರೋ ನಮ್ಮಣ್ಣನ್ನ ಎಬ್ಬಿಸೋಕೋ? ಒಬ್ಬರಿಗೆ ಮಲಗು ಅಂದ್ರೆ ಎದ್ದಿರ್ತಾರೆ, ಇನ್ನೊಬ್ಬರಿಗೆ ಎದ್ದಿರು ಅಂದ್ರೆ ಮಲಗ್ತಾರೆ. ನನ್ನ ಹಣೇಲಿ ಇಬ್ಬರೂ ಹೀಗೇ ಅಂತ ಬರೆದಿತ್ತಾ? ಹೋದ ಸಲ ಬಂದಾಗ ಬಚ್ಚಲ ನಲ್ಲಿ ರಿಪೇರಿ ಮಾಡ್ತೀನಿ ಅಂದ್ರಿ, ಮಾಡಿದ್ರಾ? ಈಗ ಅದು ಸೋರಿ ಸೋರಿ..."

ಅವಳು ನಲ್ಲಿಯಿಂದ ಹಿಡಿದು ಹರಿದ ಸೊಳ್ಳೆಪರದೆಯವರೆಗೆ ಬಂದಾಗ ಆ ಕಡೆಯಿಂದ ಒಂದು ಸದ್ದು ಶುರುವಾಯಿತು. ಮೊದಲು ಗರಗರ, ಆಮೇಲೆ ಒಂದು ಸೀಟಿ. ಅವಳು ಫೋನನ್ನೇ ನೋಡುತ್ತ ನಿಂತಳು. ಮನೆಯಲ್ಲಿ ಅವನು ಹೀಗೆ ಗೊರಕೆ ಹೊಡೆದದ್ದನ್ನು ಅವಳು ಕೇಳಿಯೇ ಇರಲಿಲ್ಲ.

ಅವತ್ತಿನಿಂದ ಆ ಕೆಲಸ ಅವಳದಾಯಿತು. ಲಾರಿಯ ಕಿಟಕಿ ತೆರೆದಿರುತ್ತಿತ್ತು, ಫೋನಿನ ಸದ್ದು ಜೋರು, ಅವಳ ಧ್ವನಿ ಅದಕ್ಕಿಂತ ಜೋರು. ಮೊದಲು ಅಕ್ಕಪಕ್ಕದ ಲಾರಿಯವರು ನಕ್ಕರು. ಆಮೇಲೆ ಅವರಿಗೂ ನಿದ್ದೆ ಹತ್ತಿತು. ಯಾರದೋ ಬೈಗುಳ ಯಾರಿಗೋ ಬೀಳುತ್ತಿದೆ, ನನಗಲ್ಲ ಎಂಬುದಕ್ಕಿಂತ ನೆಮ್ಮದಿ ಇನ್ನೇನಿದೆ? ತೊಟ್ಟಿಲಪ್ಪನ ಲಾರಿ ಬಂದರೆ ಪಕ್ಕದ ಜಾಗಕ್ಕೆ ನೂಕುನುಗ್ಗಲು. "ಅತ್ತಿಗೆ ಇವತ್ತು ಬರ್ತಾರಾ?" ಎಂದು ಕಮೋಡು ಬಂದು ಕೇಳಿ ಹೋಗುತ್ತಿದ್ದ. ಪೆಟ್ಟಿಗೆ ಆಮೇಲೆ ಕಿರುಚಲಿಲ್ಲ. ಮೇಡಂ ಇವನಿಗೆ ಕೊಟ್ಟಿದ್ದ ಎಚ್ಚರಿಕೆಯನ್ನು ವಾಪಸು ತೆಗೆದುಕೊಂಡರು, ಗೇಟಿನ ಸ್ಟೂಲಿಗೆ ಬೇರೆ ಯಾರನ್ನೋ ಹುಡುಕಿಕೊಂಡರು. ಸ್ಟೇರಿಂಗ್ ಅವನ ಕೈಯಲ್ಲೇ ಉಳಿಯಿತು.

ಇಷ್ಟಾದ ಮೇಲೆ ಒಂದು ಮಧ್ಯಾಹ್ನ. ಹಿಂದಿನ ದಿನ ಲೋಡು ಸಿಗದೆ ಇಡೀ ದಿನ ಮನೆಯಲ್ಲೇ ಇದ್ದು, ಅವಳ ಬಾಯಿ ಕೇಳುತ್ತ ಚೆನ್ನಾಗಿ ಮಲಗಿದ್ದರಿಂದ ತೊಟ್ಟಿಲಪ್ಪನಿಗೆ ಅವತ್ತು ನಿದ್ದೆಯೇ ಬೇಕಿರಲಿಲ್ಲ. ಆದರೂ ಹಲಗೆಯ ಮೇಲೆ ಕಾಲು ಚಾಚಿ, ಅಭ್ಯಾಸ ತಪ್ಪಬಾರದು ಎಂದು ಫೋನ್ ಹಚ್ಚಿದ. ಅವಳು ಶುರು ಮಾಡಿದಳು. ನಲ್ಲಿ, ಸೊಳ್ಳೆಪರದೆ, ಅಣ್ಣನ ಚಪ್ಪಲಿ. ಸುತ್ತಲಿನ ಲಾರಿಗಳಲ್ಲಿ ಒಬ್ಬೊಬ್ಬರೇ ಮಲಗಿದರು. ತೊಟ್ಟಿಲಪ್ಪ ಸುಮ್ಮನೆ ಕೇಳುತ್ತ ಬಿದ್ದಿದ್ದ. ಇವನೂ ಮಲಗಿದ ಎಂದುಕೊಂಡಳೋ ಏನೋ, ಅವಳ ಧ್ವನಿ ಇಳಿಯಿತು.

"ಮಲಗಿದ್ರಾ? ಮಲಗಿ. ನಿಮಗೊಂದು ಹೇಳ್ಬೇಕಿತ್ತು. ನೀವು ಮನೆಗೆ ಬಂದಾಗೆಲ್ಲ ಮಲಗಲಿ ಪಾಪ ಅಂತ ನಾನು ಬಾಯಿ ಮುಚ್ಕೊಂಡು ಕೂತಿರ್ತಿದ್ದೆ. ಹೇಳೋಕೆ ಎಷ್ಟೊಂದು ಇರ್ತಿತ್ತು. ನೀವು ಎದ್ದು ಹೋಗ್ಬಿಡ್ತಿದ್ರಿ. ಇಷ್ಟು ವರ್ಷ ನಾವಿಬ್ಬರೂ ಕೂತು ಮಾತೇ ಆಡಿಲ್ಲ ಕಣ್ರೀ. ನಿಮಗೆ ಗೊತ್ತಾ, ನೀವು ಹೋದ ಮೇಲೆ ನಾನು ನಿಮ್ಮ ದಿಂಬಿಗೆ ಹೇಳ್ತಿದ್ದೆ..."

ಅಲ್ಲಿಗೆ ನಿಲ್ಲಿಸಿದಳು. ಆ ಕಡೆಯಿಂದ ಗೊರಕೆಯ ಸದ್ದಿಲ್ಲದ್ದು ಅವಳಿಗೆ ಸಂಶಯ ತಂದಿರಬೇಕು. ಮಾತಾಡಿದರೆ ಅವಳು ನಾಚಿಕೊಂಡು ಫೋನ್ ಇಟ್ಟುಬಿಡುತ್ತಾಳೆ, ದಿಂಬಿಗೆ ಹೇಳಿದ್ದು ಏನೆಂದು ಇನ್ನೆಂದೂ ಗೊತ್ತಾಗುವುದಿಲ್ಲ ಎಂದು ತೊಟ್ಟಿಲಪ್ಪನಿಗೆ ಭಯವಾಯಿತು. ಹುಟ್ಟಿದಾಗಿನಿಂದ ಮಾಡದ ಕೆಲಸವೊಂದನ್ನು ಮಾಡಿದ. ಕಣ್ಣು ತೆರೆದುಕೊಂಡೇ ಗರಗರ ಎಂದು ಗೊರಕೆ ಹೊಡೆದ. ಆಮೇಲೆ ನೆನಪಾಗಿ ಒಂದು ಸೀಟಿಯನ್ನೂ ಸೇರಿಸಿದ.



"ರೀ," ಎಂದಳು ಅವಳು, "ಕಳ್ಳ ಗೊರಕೆ ಯಾವ್ದು, ನಿಜವಾದ ಗೊರಕೆ ಯಾವ್ದು ಅಂತ ನಂಗೆ ಗೊತ್ತಾಗಲ್ವಾ?"

ತೊಟ್ಟಿಲಪ್ಪನ ಗೊರಕೆ ಸೀಟಿಯ ನಡುವೆಯೇ ನಿಂತಿತು.

"ಇರಲಿ ಬಿಡಿ. ಹಾಗೇ ಹೊಡೀತಿರಿ. ನೀವು ಎದ್ದಿದೀರಿ ಅಂತಾದ್ರೆ ನಂಗೆ ಹೇಳೋಕೆ ನಾಚಿಕೆ."

ಅವನು ಗೊರಕೆ ಹೊಡೆಯುತ್ತಲೇ ಇದ್ದ, ಅವಳು ಹೇಳುತ್ತ ಹೋದಳು.